ರಾತ್ರಿ ಹೊತ್ತು ಸಣ್ಣ ದನಿಯಲ್ಲಿ ಕೇಳೋಕೆ ಏನಾದ್ರೂ ಹೇಳಿ (ತನಿ ಆವರ್ತನ ಬೇಡ!)

ನಿದ್ದೆಗೆಟ್ಟ_ಮಗ

ಎಲ್ಲರಿಗೂ ನಮಸ್ಕಾರ. ಸಂಗೀತದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪನಿಗೆ 76. ಮೈಸೂರಿನ ಮನೆ ಬಿಟ್ಟು ಆರು ತಿಂಗಳಿಂದ ಬೆಂಗಳೂರಲ್ಲಿ ನಮ್ಮ ಜೊತೆ ಇದ್ದಾರೆ. ರಾತ್ರಿ ನಿದ್ದೆ ಬೇಗ ಹತ್ತುವುದಿಲ್ಲ. ಡಾಕ್ಟರಿಗೆ ತೋರಿಸಿದ್ದೇವೆ, ಆ ಸಲಹೆ ಬೇಡ. ಹಾಲ್‌ನಲ್ಲಿ ದಿವಾನ್ ಮೇಲೆ ಮಲಗಿ ಫ್ಯಾನ್ ನೋಡುತ್ತಾ ಇರುತ್ತಾರೆ. ಹತ್ತೂವರೆಗೆ ನಾನು ಮೊಬೈಲಿನಲ್ಲಿ ಏನಾದರೂ ಹಾಕಿ, ಸೌಂಡ್ ಸಣ್ಣಗೆ ಮಾಡಿ, ಟೀಪಾಯಿ ಮೇಲಿಟ್ಟು ಒಳಗೆ ಹೋಗುತ್ತೇನೆ.

ಮೊನ್ನೆ "ಮನಸ್ಸಿಗೆ ನೆಮ್ಮದಿ ಕೊಡುವ ಶಾಸ್ತ್ರೀಯ ಸಂಗೀತ, 3 ಗಂಟೆ" ಅಂತ ಒಂದು ಸಿಕ್ಕಿತು. ಮೊದಲು ಚೆನ್ನಾಗಿಯೇ ಇತ್ತು. ಕೊಳಲು, ಹಿಂದೆ ನೀರು ಹರಿಯುವ ಸದ್ದು. ರಾತ್ರಿ ಒಂದೂವರೆಗೆ ಮೃದಂಗ, ಘಟ ಎರಡೂ ಸೇರಿ ಧಡಧಡ ಅಂತ ಶುರು. ನಾನು ಎದ್ದು ಬಂದು ನೋಡಿದರೆ ಅಪ್ಪ ಮುಂಬಾಗಿಲು ತೆಗೆದು, ಟಾರ್ಚ್ ಹಿಡಿದು ನಿಂತಿದ್ದಾರೆ. "ಯಾರೋ ಬಡಿದರಲ್ಲೋ" ಅಂದರು.

ಅವರಿಗೆ ಶಾಸ್ತ್ರೀಯ ಸಂಗೀತ ಕೇಳಿ ಗೊತ್ತು, ಕಲಿತವರಲ್ಲ. ಹಳೇ ಸಿನಿಮಾ ಹಾಡೆಂದರೆ ಪ್ರಾಣ. ಬೆಚ್ಚಿ ಬೀಳಿಸದಂಥದ್ದು ಏನಿದೆ ಹೇಳಿ. ಕರ್ನಾಟಕ, ಹಿಂದೂಸ್ತಾನಿ, ಸಿನಿಮಾ, ಇಂಗ್ಲಿಷ್‌ನವರದ್ದು, ಯಾವುದಾದರೂ ಸರಿ.

ಬಸವನಗುಡಿ_ಬೋಂಡಾ

ಟಾರ್ಚ್ ಹಿಡಿದು ನಿಂತಿದ್ದು ಓದಿ ಆಫೀಸಿನಲ್ಲಿ ಒಬ್ಬನೇ ನಕ್ಕೆ. ಕ್ಷಮಿಸಿ ಸಾರ್.

ಶ್ರುತಿಪೆಟ್ಟಿಗೆ

ಉತ್ತರ ಒಂದೇ ಪದ: ನೀಲಾಂಬರಿ. ಜೋಗುಳದ ರಾಗ ಅಂತ ಹೆಸರೇ ಬಿದ್ದಿದೆ. ತ್ಯಾಗರಾಜರ ಉಯ್ಯಾಲೆ ಹಾಡು ಅದರಲ್ಲೇ ಇದೆ, ದೀಕ್ಷಿತರ "ಅಂಬ ನೀಲಾಯತಾಕ್ಷಿ" ಅದರಲ್ಲೇ ಇದೆ. ಸ್ವರಗಳು ಒಂದಕ್ಕೊಂದು ಒರಗಿಕೊಂಡು ನಿಧಾನವಾಗಿ ಬರುತ್ತವೆ. ಓಡಿಸಿ ಹಾಡೋಕೆ ಹೋದರೆ ರಾಗವೇ ಕೆಡುತ್ತದೆ. ಅಪ್ಪನಿಗೆ ನೀಲಾಂಬರಿ ಹಾಕಿ, ಹತ್ತು ನಿಮಿಷದಲ್ಲಿ ಗೊರಕೆ.

ಎರಡು_ಮಕ್ಕಳ_ತಾಯಿ

ಶ್ರುತಿಪೆಟ್ಟಿಗೆಯವರೇ, ನನ್ನ ಮಗಳಿಗೆ ಎಂಟು ತಿಂಗಳು ನೀಲಾಂಬರಿ ಹಾಡಿದ್ದೇನೆ. ನನಗೆ ನಿದ್ದೆ ಬಂತು, ಅವಳಿಗೆ ಬರಲಿಲ್ಲ. ಕೊನೆಗೆ ಅವಳು ಮಲಗಿದ್ದು ಯಾವುದಕ್ಕೆ ಗೊತ್ತಾ? ಅಡುಗೆಮನೆ ಗ್ರೈಂಡರ್ ಸದ್ದಿಗೆ. ದೋಸೆಹಿಟ್ಟು ರುಬ್ಬಿದ ದಿನ ಎರಡು ಗಂಟೆ ನಿದ್ದೆ ಗ್ಯಾರಂಟಿ. ಎರಡನೆಯವನಿಗೆ "ತೂಗಿರೆ ರಂಗನ" ಹಾಡಿದರೆ ಸಾಕಿತ್ತು. ಒಂದೇ ಮನೆ, ಒಂದೇ ಗಂಟಲು, ಮಕ್ಕಳು ಬೇರೆ ಬೇರೆ.

ಶ್ರುತಿಪೆಟ್ಟಿಗೆ

ಗ್ರೈಂಡರ್ ಯಾವ ಶ್ರುತಿಯಲ್ಲಿತ್ತು ಮೇಡಂ? 😄

ಎರಡು_ಮಕ್ಕಳ_ತಾಯಿ

ಒಂದೂವರೆ ಕಟ್ಟೆ ಇರಬೇಕು. ಬೇಳೆ ಜಾಸ್ತಿಯಾದರೆ ಒಂದಕ್ಕೆ ಇಳಿಯುತ್ತಿತ್ತು.

ತಬಲಾ_ತಮ್ಮ

ರಾಗದ ಹೆಸರು ಹೇಳಿದರೆ ಅರ್ಧ ಉತ್ತರ ಮಾತ್ರ. ಇಲ್ಲಿ ತೊಂದರೆ ರಾಗದ್ದಲ್ಲ, ಕಚೇರಿ ಕಟ್ಟುವ ರೀತಿಯದು. ಹಿಂದೂಸ್ತಾನಿ ಖಯಾಲ್ ತಗೊಳ್ಳಿ. ವಿಲಂಬಿತ್‌ನಲ್ಲಿ (ನಿಧಾನವಾಗಿ) ಶುರು, ದ್ರುತ್‌ನಲ್ಲಿ (ವೇಗವಾಗಿ) ಕೊನೆ. 40 ನಿಮಿಷದ ರೆಕಾರ್ಡಿಂಗ್ ಹಾಕಿ ಮಲಗಿದರೆ, ಕಣ್ಣು ಎಳೆಯೋ ಹೊತ್ತಿಗೆ ಸರಿಯಾಗಿ ತಬಲ ಓಡಲು ಶುರುವಾಗುತ್ತದೆ, ವೇಗದ ತಾನುಗಳು ಬೀಳುತ್ತವೆ. ಸಿತಾರ್, ಸರೋದ್ ಆದರೆ ಕೊನೆಗೆ ಝಾಲಾ, ಅಂದರೆ ತಂತಿಗಳ ಓಟ. ನಮ್ಮ ಕರ್ನಾಟಕ ಕಚೇರಿಯಲ್ಲಿ ಮುಖ್ಯ ಕೃತಿ ಆದ ಮೇಲೆ ತನಿ ಆವರ್ತನ, ಅಂದರೆ ಬರೀ ಮೃದಂಗ, ಘಟದವರ ಸರದಿ. ಅಂದರೆ ರಾಗ ಎಷ್ಟೇ ಮೆದುವಾಗಿರಲಿ, ಇಡೀ ಕಚೇರಿ ಹಾಕಿದರೆ ಮಧ್ಯೆ ಎಲ್ಲೋ ಒಂದು ಕಡೆ ಅದು ಜೋರಾಗಲೇಬೇಕು. ಬಾಗಿಲು ಬಡಿದವರು ನಮ್ಮವರೇ ಸಾರ್, ನಮ್ಮ ಕಡೆಯಿಂದ ಕ್ಷಮೆ.

ನನ್ನ ಸಲಹೆ: ತಾಳವಾದ್ಯವೇ ಇಲ್ಲದ್ದನ್ನು ಹುಡುಕಿ. ಬರೀ ಆಲಾಪ. ಝಿಯಾ ಮೊಹಿಯುದ್ದೀನ್ ಡಾಗರ್ ಅವರ ರುದ್ರವೀಣೆ ಕೇಳಿಸಿ. ಒಂದು ಸ್ವರ ಮೀಟಿದರೆ ಅದು ಆರಿಹೋಗುವವರೆಗೂ ಕಾಯುತ್ತಾರೆ. ಕೆಳಗಿನ ಸ್ಥಾಯಿಯಲ್ಲಿ ಅಷ್ಟು ಹೊತ್ತು ಇರುತ್ತಾರೆ, ಮೇಲಿನ ಷಡ್ಜ ಬರೋಕೆ ಎಷ್ಟೋ ಹೊತ್ತು ಬೇಕು. ಜೋಡ್, ಅಂದರೆ ಲಯ ಹಿಡಿಯುವ ಭಾಗ, ಶುರುವಾಗುವ ಮೊದಲು ನಿಲ್ಲುವ ಹಾಗೆ ಟೈಮರ್ ಇಡಿ.

ತಬಲ ಬಾರಿಸುವ ನಾನೇ ಹೀಗೆ ಹೇಳುತ್ತಿದ್ದೇನೆ, ನಮ್ಮ ಗುರುಗಳಿಗೆ ಹೇಳಬೇಡಿ.

ಧಾರವಾಡ_ಮಳೆ

ಆಲಾಪ, ರುದ್ರವೀಣೆ ಎಲ್ಲಾ ಸರಿ ರೀ. ಮನೆಯ ದೇವರನ್ನು ಬಿಟ್ಟು ಊರ ದೇವರಿಗೆ ಯಾಕೆ ಹೋಗಬೇಕು? ಮಲ್ಲಿಕಾರ್ಜುನ ಮನ್ಸೂರ್ ಹಾಕಿ. ಭೀಮಸೇನ ಜೋಶಿ ಹಾಕಿ. ಗಂಗೂಬಾಯಿ ಹಾನಗಲ್ ಹಾಕಿ. ನೂರು ಕಿಲೋಮೀಟರ್ ಒಳಗೆ ಇಷ್ಟು ಜನ ಹುಟ್ಟಿ ಬೆಳೆದ ನಾಡು ನಮ್ಮದು.

ತಬಲಾ_ತಮ್ಮ

ಮನ್ಸೂರರನ್ನು ರಾತ್ರಿ ನಿದ್ದೆಗೆ?! ಅಣ್ಣಾ, ಅವರು ಅರ್ಧ ನಿಮಿಷವೂ ಸುಮ್ಮನೆ ನಿಲ್ಲುವವರಲ್ಲ. ಜೈಪುರ್-ಅತ್ರೌಲಿ ಘರಾಣೆಯ ಹಾಡುಗಾರಿಕೆ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಸುತ್ತಿ ಸುತ್ತಿ ಹೋಗುವ ದಾರಿ. ಜೊತೆಗೆ ಅಪರೂಪದ ರಾಗ, ಜೋಡು ರಾಗ. ಯಾವುದು ಎಲ್ಲಿ ಸೇರಿತು ಅಂತ ಹುಡುಕುತ್ತಾ ಕೂತರೆ ಇರೋ ನಿದ್ದೆಯೂ ಹೋಗುತ್ತದೆ.

ಧಾರವಾಡ_ಮಳೆ

ಖಯಾಲ್ ಬಿಡಿ, ವಚನ ಕೇಳಿದ್ದೀರಾ? "ಅಕ್ಕ ಕೇಳವ್ವ" ಹಾಡುವಾಗ ಅದೇ ಮನುಷ್ಯ ಎಷ್ಟು ತಗ್ಗಿ ಹಾಡುತ್ತಾರೆ ನೋಡಿ. ನಮ್ಮ ಅಜ್ಜ ರಾತ್ರಿ ಊಟ ಮುಗಿಸಿ, ಅಡಿಕೆ ಕತ್ತರಿಸುತ್ತಾ ಕ್ಯಾಸೆಟ್ ಹಾಕುತ್ತಿದ್ದರು. ವಚನ ಮುಗಿಯುವುದರೊಳಗೆ ಅಡಕತ್ತರಿ ಸದ್ದು ನಿಲ್ಲುತ್ತಿತ್ತು. ನಾವು ಹೋಗಿ ನೋಡಿದರೆ ಅಜ್ಜ ಕೂತಲ್ಲೇ ನಿದ್ದೆ, ಅಡಕತ್ತರಿ ಕೈಯಲ್ಲೇ. ಅಜ್ಜಿ ಅದನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದಳು.

ತಬಲಾ_ತಮ್ಮ

ವಚನ ಒಪ್ಪಿದೆ. ಬಸವರಾಜ ರಾಜಗುರು ಅವರ ವಚನಗಳನ್ನೂ ಸೇರಿಸಿಕೊಳ್ಳಿ ಹಾಗಾದರೆ.

ಹಳೇ_ಕ್ಯಾಸೆಟ್

ಇಷ್ಟು ಹೊತ್ತಾದರೂ ಯಾರೂ "ಕಾಲ್ ಆಫ್ ದ ವ್ಯಾಲಿ" ಹೆಸರು ಎತ್ತಿಲ್ಲ ಅಂದರೆ ಆಶ್ಚರ್ಯ. 1967ರ ಎಲ್‌ಪಿ. ಕಾಶ್ಮೀರದ ಕುರಿಗಾಹಿಯ ಒಂದು ದಿನ, ಬೆಳಗಿನಿಂದ ರಾತ್ರಿವರೆಗೆ. ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ರವಿಶಂಕರ್ ಸಿತಾರ್. ನಮ್ಮ ಹಾಸ್ಟೆಲಿನಲ್ಲಿ ಈ ಕ್ಯಾಸೆಟ್ ಎಷ್ಟು ಸಲ ತಿರುಗಿತ್ತೆಂದರೆ, ಕೊನೆಕೊನೆಗೆ ಸಂತೂರ್ ನೀರಿನೊಳಗಿಂದ ಬಂದ ಹಾಗೆ ಕೇಳುತ್ತಿತ್ತು.

ಶ್ರುತಿಪೆಟ್ಟಿಗೆ

ಅದರಲ್ಲಿ ರವಿಶಂಕರ್ ಇಲ್ಲವೇ ಇಲ್ಲ. ಮೂರನೆಯವರು ಬ್ರಿಜ್‌ಭೂಷಣ್ ಕಾಬ್ರಾ, ಅವರದು ಗಿಟಾರ್. ಕಿವಿಗೆ ಸಿತಾರಿನ ಹಾಗೆ ಬಂದರೆ ನಿಮ್ಮ ಕ್ಯಾಸೆಟ್ಟಿನ ತಪ್ಪು.

ಹಳೇ_ಕ್ಯಾಸೆಟ್

ಹೌದು, ಕಾಬ್ರಾ. ಮೂವತ್ತು ವರ್ಷ ಎಲ್ಲರಿಗೂ ತಪ್ಪು ಹೇಳಿಕೊಂಡು ಬಂದಿದ್ದೇನೆ ಅಂತಾಯ್ತು. ಹೆಂಡತಿಗೂ ಹೇಳಿದ್ದೆ, ಮದುವೆಗೆ ಮುಂಚೆ.

ನಿದ್ದೆಗೆಟ್ಟ_ಮಗ

ತುಂಬಾ ಥ್ಯಾಂಕ್ಸ್. ಬರೆದುಕೊಳ್ಳುತ್ತಿದ್ದೇನೆ. ಸಿನಿಮಾ ಹಾಡಿನ ಬಗ್ಗೆಯೂ ಹೇಳಿ. ಅಪ್ಪ ಪಿ.ಬಿ. ಶ್ರೀನಿವಾಸ್ ಅಭಿಮಾನಿ.

ನೈಟ್‌ಶಿಫ್ಟ್_ನಾಗಿ

ಪಿಬಿಎಸ್ ಆದರೆ ಅರ್ಧ ಕೆಲಸ ಆದ ಹಾಗೆ. ಆ ದನಿಯಲ್ಲಿ ಎಲ್ಲೂ ತಳ್ಳಾಟ ಇಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. 1974ರ "ಎರಡು ಕನಸು" ಚಿತ್ರದ "ಎಂದೆಂದೂ ನಿನ್ನನು ಮರೆತು", ವಾಣಿ ಜಯರಾಂ ಜೊತೆಗೆ ಹಾಡಿದ್ದು. "ಕಸ್ತೂರಿ ನಿವಾಸ"ದ "ನೀ ಬಂದು ನಿಂತಾಗ", ಅದರಲ್ಲಿ ಪಿ. ಸುಶೀಲಾ. ಮೊದಲನೆಯದು ರಾಜನ್-ನಾಗೇಂದ್ರ, ಎರಡನೆಯದು ಜಿ.ಕೆ. ವೆಂಕಟೇಶ್.

ನಾನು ರಾತ್ರಿ ಪಾಳಿಯ ನರ್ಸ್. ಎರಡರಿಂದ ನಾಲ್ಕರವರೆಗಿನ ಹೊತ್ತು ಗೊತ್ತಲ್ಲ, ಗಡಿಯಾರ ನಡೆಯುವುದೇ ಇಲ್ಲ. ಡೆಸ್ಕಿನಲ್ಲಿ ಒಂದು ಕಿವಿಗೆ ಮಾತ್ರ ಇಯರ್‌ಫೋನ್, ಇನ್ನೊಂದು ಕಿವಿ ವಾರ್ಡಿಗೆ. ಒಂದೇ ಕಿವಿಗೆ ಸ್ಟೀರಿಯೋ ಹಾಡು ಹಾಕಿದರೆ ಅರ್ಧ ವಾದ್ಯ ಮಾಯ. ಹಳೇ ಮೋನೋ ಹಾಡಾದರೆ ಆ ಕಾಟ ಇಲ್ಲ, ಪೂರ್ತಿ ಸಿಗುತ್ತದೆ. ಹಾಗಾಗಿ ನನಗೆ 70ರ ದಶಕದ್ದು, ಅದಕ್ಕೂ ಹಿಂದಿನದೇ ಗಟ್ಟಿ.

ಬಸವನಗುಡಿ_ಬೋಂಡಾ

ಹಳೇ ಹಾಡಿನ ಒಂದು ಕಷ್ಟ ಹೇಳಲೇಬೇಕು. ಪಲ್ಲವಿ ಮೆತ್ತಗೆ, ಚರಣ ಮೆತ್ತಗೆ, ನಡುವಿನ ಬಿಜಿಎಂನಲ್ಲಿ ಮಾತ್ರ ಅರವತ್ತು ಪಿಟೀಲು, ನಾಲ್ಕು ಟ್ರಂಪೆಟ್ ಒಟ್ಟಿಗೆ ಬರುತ್ತವೆ. ಆಗ ಪರದೆ ಮೇಲೆ ನಾಯಕ ನಾಯಕಿ ಬೆಟ್ಟ ಇಳಿಯುತ್ತಿರುತ್ತಾರೆ. ನೋಡೋಕೆ ಸರಿ. ಕಣ್ಣು ಮುಚ್ಚಿ ಕೇಳುವವರಿಗೆ ಬೆಟ್ಟ ಕಾಣಿಸಲ್ಲ, ಟ್ರಂಪೆಟ್ ಮಾತ್ರ.

ನೈಟ್‌ಶಿಫ್ಟ್_ನಾಗಿ

ಅರವತ್ತು ಪಿಟೀಲು ಎಣಿಸಿದ್ದು ಯಾರು?

ಬಸವನಗುಡಿ_ಬೋಂಡಾ

ನಿದ್ದೆ ಬರದ ರಾತ್ರಿ ನಾನೇ ಎಣಿಸಿದೆ.

ಗಿಟಾರ್_ಗಿರಿ

"ಪಲ್ಲವಿ ಅನುಪಲ್ಲವಿ"! 1983, ಮಣಿರತ್ನಂ ಅವರ ಮೊದಲ ಸಿನಿಮಾ, ಇಳಯರಾಜ ಸಂಗೀತ. "ನಗುವಾ ನಯನಾ" ಎಷ್ಟು ಹಗುರ ಹಾಡು. ಆ ಚಿತ್ರದ್ದೇ ರಾಗ ಆಮೇಲೆ ಐಡಿಯಾ ಮೊಬೈಲ್ ಜಾಹೀರಾತಿಗೂ ಹೋಯಿತು.

ಹಳೇ_ಕ್ಯಾಸೆಟ್

ಅದನ್ನು ಹಾಕಿದರೆ ಅಪ್ಪ ಎದ್ದು ಫೋನ್ ಹುಡುಕುತ್ತಾರೆ. ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಎಲ್ಲರದ್ದೂ ಅದೇ ರಿಂಗ್‌ಟೋನ್.

ಗಿಟಾರ್_ಗಿರಿ

😂 ಹಾಗಾದರೆ ಅದೇ ಇಳಯರಾಜರ ಸಿನಿಮಾ ಅಲ್ಲದ ಎರಡು ಆಲ್ಬಂ ಇವೆ. 1986ರ "ಹೌ ಟು ನೇಮ್ ಇಟ್", 1988ರ "ನಥಿಂಗ್ ಬಟ್ ವಿಂಡ್". ಮೊದಲನೆಯದು ತ್ಯಾಗರಾಜರಿಗೂ ಜರ್ಮನಿಯ ಸಂಯೋಜಕ ಬಾಖ್‌ಗೂ ಅರ್ಪಿಸಿದ್ದು, ಪಿಟೀಲು ವಿ.ಎಸ್. ನರಸಿಂಹನ್. ಎರಡನೆಯದರಲ್ಲಿ ಚೌರಾಸಿಯಾ ಕೊಳಲು. ರಾತ್ರಿಗೆ ಎರಡನೆಯದು ವಾಸಿ. ಮೊದಲನೆಯದರಲ್ಲಿ ಪಿಟೀಲುಗಳು ಅಲ್ಲಲ್ಲಿ ಜಗಳ ಆಡುತ್ತವೆ, ಅದು ಬೆಳಗಿನ ಕಾಫಿಗೆ.

ಅಂದಹಾಗೆ ಇಳಯರಾಜ ಶುರುವಿನಲ್ಲಿ ನಮ್ಮ ಜಿ.ಕೆ. ವೆಂಕಟೇಶ್ ಕೈಕೆಳಗೆ ಸಹಾಯಕರಾಗಿದ್ದವರು. ಅದಕ್ಕೇ ಅವರ ಕನ್ನಡ ಹಾಡುಗಳು ಹೊರಗಿನವರು ಮಾಡಿದ ಹಾಗೆ ಇಲ್ಲ.

ಶ್ರುತಿಪೆಟ್ಟಿಗೆ

ಸಿನಿಮಾ ಅಂದಮೇಲೆ "ಹಂಸಗೀತೆ" ಬಿಡಬೇಡಿ. 1975, ಜಿ.ವಿ. ಅಯ್ಯರ್. ಬಾಲಮುರಳಿಕೃಷ್ಣ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂದ ಚಿತ್ರ. ಮತ್ತೆ "ಸಂಧ್ಯಾರಾಗ"ದಲ್ಲಿ ಭೀಮಸೇನ ಜೋಶಿ ಹಾಡಿದ "ನಂಬಿದೆ ನಿನ್ನ ನಾದದೇವತೆಯೇ". ಭೀಮಸೇನರನ್ನು ಮೂರು ನಾಲ್ಕು ನಿಮಿಷದಲ್ಲಿ ಹಿಡಿಯುವುದು ಸುಲಭ ಅಲ್ಲ, ಅಲ್ಲಿ ಹಿಡಿದಿದ್ದಾರೆ.

ಕುಂದಾಪ್ರ_ಕಡಲು

ಮಾಲ್ಗುಡಿ ಡೇಸ್ ಟೈಟಲ್ ಸಂಗೀತ. ಎಲ್. ವೈದ್ಯನಾಥನ್. ಅದರ ಮುಂದೆ ಏನೂ ಇಲ್ಲ. ಮುಗೀತು.

ಬಸವನಗುಡಿ_ಬೋಂಡಾ

ಅದು ಎರಡು ನಿಮಿಷವೂ ಇಲ್ಲವಲ್ಲ ಮಾರಾಯ್ರೆ.

ಕುಂದಾಪ್ರ_ಕಡಲು

ಪುನಃ ಹಾಕಿ. ಅದೇ ವೈದ್ಯನಾಥನ್ "ಅಪರಿಚಿತ" ಚಿತ್ರಕ್ಕೆ ಮಾಡಿದ "ಸವಿ ನೆನಪುಗಳು ಬೇಕು" ಇದೆಯಲ್ಲ, ವಾಣಿ ಜಯರಾಂ ಹಾಡಿದ್ದು, ಅದನ್ನು ಜೊತೆಗೆ ಸೇರಿಸಿ. ಮಳೆಗಾಲದಲ್ಲಿ ಕರೆಂಟು ಹೋದಾಗ ಮನೆಯಲ್ಲಿ ಯಾರೋ ಒಬ್ಬರು ಇದನ್ನು ಗುನುಗಲು ಶುರು ಮಾಡುತ್ತಿದ್ದರು. ಈಗ ಇನ್ವರ್ಟರ್ ಇದೆ, ಗುನುಗುವುದು ನಿಂತಿದೆ.

ಸಂದೇಹಿ_ಸುಬ್ಬ

ಒಂದು ತಕರಾರು. ಈ "ರಿಲ್ಯಾಕ್ಸಿಂಗ್" ಅನ್ನೋ ಹಣೆಪಟ್ಟಿಯೇ ನನಗೆ ಆಗಲ್ಲ. ಒಬ್ಬ ವಿದ್ವಾಂಸ ಹತ್ತಾರು ವರ್ಷ ಸಾಧನೆ ಮಾಡಿ ಹಾಡಿದ್ದನ್ನು ನಾವು ಸೊಳ್ಳೆಬತ್ತಿ ತರ ಹಚ್ಚಿಟ್ಟು ಮಲಗೋದಾ? ಕೇಳೋದಾದರೆ ಎದ್ದು ಕೂತು ಕೇಳಿ. ಮಲಗೋದಾದರೆ ಫ್ಯಾನ್ ಸದ್ದು ಸಾಕು. ಇನ್ನು ಕೆಲವರು ಈ ರಾಗಕ್ಕೆ ಬಿಪಿ ಇಳಿಯುತ್ತೆ, ಆ ರಾಗಕ್ಕೆ ಶುಗರ್ ಇಳಿಯುತ್ತೆ ಅಂತ ಪಟ್ಟಿ ಹಂಚುತ್ತಾರೆ. ಅದನ್ನು ಓದಿದರೆ ನನಗೆ ಬಿಪಿ ಏರುತ್ತದೆ.

ಎರಡು_ಮಕ್ಕಳ_ತಾಯಿ

ಪಟ್ಟಿ ವಿಷಯ ಸರಿ. ಆದರೆ ಸೊಳ್ಳೆಬತ್ತಿ ಮಾತು ಜಾಸ್ತಿಯಾಯಿತು. ಜೋಗುಳ ಹುಟ್ಟಿದ್ದೇ ಮಲಗಿಸೋಕೆ ಅಲ್ವಾ? ಪುರಂದರದಾಸರೇ "ಜೋಜೋ" ಅಂತ ಬರೆದಿದ್ದಾರೆ, ಯಾರೂ ಎದ್ದು ಕೂತು ಕೇಳಲಿ ಅಂತಲ್ಲ.

ಸಂದೇಹಿ_ಸುಬ್ಬ

ಅಲ್ಲಿ ಮಲಗುತ್ತಿರುವವನು ಕೃಷ್ಣ. ನಿಮ್ಮ ಅಪ್ಪ ಅಲ್ಲ.

ಮ್ಯೂನಿಕ್_ಮೈಸೂರ್‌ಪಾಕ್

ಸುಬ್ಬ ಅವರೇ, ನಿಮ್ಮ ಜಗಳವನ್ನು ಪ್ಯಾರಿಸ್ಸಿನಲ್ಲಿ ನೂರು ವರ್ಷದ ಹಿಂದೆಯೇ ಒಬ್ಬ ಉಲ್ಟಾ ಆಡಿದ್ದ. ಎರಿಕ್ ಸಾಟಿ ಅಂತ. 1920ರಲ್ಲಿ "ಪೀಠೋಪಕರಣ ಸಂಗೀತ" ಅಂತ ಬರೆದು, ನಾಟಕದ ವಿರಾಮದಲ್ಲಿ ನುಡಿಸಿದ. ಮೇಜು ಕುರ್ಚಿ ಹಾಗೆ ಅದು ಸುಮ್ನೆ ಕೋಣೆಯಲ್ಲಿ ಇರಬೇಕು, ಯಾರೂ ಕಿವಿಗೊಡಬಾರದು ಅನ್ನೋದು ಅವನ ಆಸೆ. ವಾದ್ಯ ಶುರುವಾದದ್ದೇ ತಡ, ಜನ ಮಾತು ನಿಲ್ಲಿಸಿ ಸೀಟಿಗೆ ಹೋಗಿ ಕೂತರಂತೆ. ಈ ಮನುಷ್ಯ "ಮಾತಾಡಿ, ಓಡಾಡಿ, ಕೇಳಬೇಡಿ" ಅಂತ ಕೂಗಾಡಿದನಂತೆ. ಅವನದೇ 1888ರ "ಜಿಮ್ನೋಪೆದಿ" ಅಂತ ಮೂರು ಪುಟ್ಟ ಪಿಯಾನೋ ತುಣುಕು ಇವೆ. ಅಪ್ಪನಿಗೆ ಧಾರಾಳವಾಗಿ ಹಾಕಬಹುದು. ಎಡಗೈ ಒಂದೇ ತೂಗಾಟ, ಬಲಗೈ ಅಪರೂಪಕ್ಕೆ ಒಂದು ಸ್ವರ.

ಪಾಶ್ಚಾತ್ಯ ಸಂಗೀತ ಹಾಕುವಾಗ ಒಂದು ಎಚ್ಚರಿಕೆ. "ಕ್ಲಾಸಿಕಲ್ ಅಂದರೆ ಶಾಂತ" ಅಂದುಕೊಂಡು ಹೈಡನ್‌ನ 94ನೇ ಸಿಂಫನಿ ಹಾಕಬೇಡಿ. ಎರಡನೇ ಭಾಗ ಬೆಕ್ಕಿನ ಹೆಜ್ಜೆಯಲ್ಲಿ ಶುರುವಾಗುತ್ತದೆ. ಹದಿನೈದು ತಾಳದ ಸುತ್ತು ಆದ ಮೇಲೆ ಇಡೀ ವಾದ್ಯವೃಂದ ಒಟ್ಟಿಗೆ ಢಮಾರ್. ಬೇಕಂತಲೇ ಬರೆದದ್ದು. ಟಾರ್ಚ್ ಮತ್ತೆ ಹೊರಗೆ ಬರುತ್ತದೆ.

ತಬಲಾ_ತಮ್ಮ

ಬಾಖ್ ಯಾರೋ ನಿದ್ದೆ ಬರದ ಸಾಹುಕಾರನಿಗೆ ಬರೆದುಕೊಟ್ಟ ಅಂತ ಕೇಳಿದ್ದೆ, ನಿಜಾನಾ?

ಮ್ಯೂನಿಕ್_ಮೈಸೂರ್‌ಪಾಕ್

ಗೋಲ್ಡ್‌ಬರ್ಗ್ ವೇರಿಯೇಷನ್ಸ್. 1741ರಲ್ಲಿ ಅಚ್ಚಾಯಿತು. ಕೈಸರ್ಲಿಂಗ್ ಎಂಬ ಕೌಂಟ್‌ಗೆ ರಾತ್ರಿ ನಿದ್ದೆ ಇಲ್ಲ, ಅವನ ಮನೆಯ ಹುಡುಗ ಗೋಲ್ಡ್‌ಬರ್ಗ್ ಪಕ್ಕದ ಕೋಣೆಯಲ್ಲಿ ಕೂತು ನುಡಿಸಬೇಕು, ಅದಕ್ಕೆ ಬರೆದದ್ದು ಅಂತ ಕಥೆ. ಈ ಕಥೆ ಅಚ್ಚಾದದ್ದು 1802ರಲ್ಲಿ, ಬಾಖ್ ತೀರಿಕೊಂಡು ಅರ್ಧ ಶತಮಾನ ಆದಮೇಲೆ. 1741ರಲ್ಲಿ ಗೋಲ್ಡ್‌ಬರ್ಗ್‌ಗೆ ಬರೀ 14 ವರ್ಷ. ಹಾಗಾಗಿ ಬಹಳ ಜನ ನಂಬುವುದಿಲ್ಲ. ಒಂದು ಆರಿಯಾ (ಮೂಲ ಧಾಟಿ), 30 ಬದಲಾವಣೆ, ಕೊನೆಗೆ ಮತ್ತೆ ಅದೇ ಆರಿಯಾ. ಮೊದಲ ಆರಿಯಾ ಒಂದೇ ಅಪ್ಪನಿಗೆ ಸಾಕು. ಮಧ್ಯದವು ಕೆಲವು ಕುದುರೆ ಓಟ. ಗ್ಲೆನ್ ಗೂಲ್ಡ್ ಎಂಬ ಪಿಯಾನೋ ವಾದಕ 1981ರಲ್ಲಿ ನುಡಿಸಿದ್ದು ಹಾಕಿ, 1955ರದ್ದು ಬೇಡ, ಅದು ಬಸ್ಸು ತಪ್ಪುತ್ತೆ ಅನ್ನೋ ಅವಸರದಲ್ಲಿದೆ. ಎರಡರಲ್ಲೂ ಆತ ನುಡಿಸುತ್ತಾ ಗುನುಗುವುದು ಕೇಳಿಸುತ್ತದೆ. ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅಂತ ಅಪ್ಪ ಗಾಬರಿಯಾಗದ ಹಾಗೆ ಮೊದಲೇ ಹೇಳಿಡಿ.

ಇನ್ನೊಂದು ವಿಷಯ, ಮೈಸೂರಿನವರು ಅಂದಿರಿ ಅಂತ ಬರೆಯುತ್ತಿದ್ದೇನೆ. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರೌಸ್ ಕೊನೆಗಾಲದಲ್ಲಿ, 1948ರಲ್ಲಿ, ನಾಲ್ಕು ಹಾಡು ಬರೆದ. ಈಗ "ಫೋರ್ ಲಾಸ್ಟ್ ಸಾಂಗ್ಸ್" ಅಂತ ಹೆಸರು. ಅದರಲ್ಲೊಂದು ಹೆರ್ಮನ್ ಹೆಸ್ಸೆಯ ಕವಿತೆ, "ಮಲಗಲು ಹೋಗುವಾಗ" ಅಂತಲೇ ಶೀರ್ಷಿಕೆ. ಸ್ಟ್ರೌಸ್ ಅದನ್ನು ಕೇಳದೆಯೇ 1949ರಲ್ಲಿ ತೀರಿಕೊಂಡ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಹಾಡಿದರು. ಆ ಕಚೇರಿಯ ಖರ್ಚಿಗೆ ಬೆನ್ನಿಗೆ ನಿಂತವರು ಯಾರು ಗೊತ್ತಾ? ನಮ್ಮ ಜಯಚಾಮರಾಜ ಒಡೆಯರ್.

ಹಳೇ_ಕ್ಯಾಸೆಟ್

ಸುಮ್ನೆ ಹೇಳ್ತೀರಾ ತಾನೆ?

ಮ್ಯೂನಿಕ್_ಮೈಸೂರ್‌ಪಾಕ್

ಇಲ್ಲ ಸಾರ್. ಅವರು ಒಳ್ಳೆಯ ಪಿಯಾನೋ ವಾದಕರು. ಮೆಟ್ನರ್ ಅನ್ನೋ ರಷ್ಯನ್ ಸಂಯೋಜಕ ಲಂಡನ್ನಿನಲ್ಲಿ ಕೈ ಖಾಲಿಯಾಗಿ ಕೂತಿದ್ದಾಗ ಅವನ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರೂ ಇವರೇ. ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಸರ್ಟೊ ಇವರಿಗೆ ಅರ್ಪಿಸಿದ್ದಾನೆ. ಇಲ್ಲಿ ಒಮ್ಮೆ ಒಬ್ಬ ಹಿರಿಯ ಪಿಯಾನೋ ಮೇಷ್ಟ್ರಿಗೆ ನಾನು ಮೈಸೂರು ಅಂದೆ. ಯೋಗ ಅನ್ನುತ್ತಾರೆ ಅಂದುಕೊಂಡೆ. "ಮಹಾರಾಜ, ಮೆಟ್ನರ್" ಅಂದುಬಿಟ್ಟರು. ನನಗೇ ಆಗ ಗೊತ್ತಿರಲಿಲ್ಲ, ಮನೆಗೆ ಬಂದು ಹುಡುಕಿ ಓದಿದೆ.

ಶ್ರುತಿಪೆಟ್ಟಿಗೆ

ಆಮೇಲೆ ಅವರೇ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ್ದಾರೆ, ಎಷ್ಟೋ ಅಪರೂಪದ ರಾಗಗಳಲ್ಲಿ. ಅದನ್ನು ಮ್ಯೂನಿಕ್ಕಿನಲ್ಲಿ ಯಾರೂ ಹೇಳಲ್ಲ.

ಬಿಟ್‌ರೇಟ್_ಬಾಬು

ಎಲ್ಲರೂ ಯಾವುದನ್ನು ಹಾಕಬೇಕು ಅಂತ ಹೇಳಿದಿರಿ, ಹೇಗೆ ಹಾಕಬೇಕು ಅಂತ ಯಾರೂ ಹೇಳಲಿಲ್ಲ. ಸಾರ್, ನಿಮ್ಮ ತೊಂದರೆಗೆ ಮೂರು ಕಾರಣ ಇರಬಹುದು. ಮೂರು ಗಂಟೆಯ ಆ ವಿಡಿಯೋ ಯಾರೋ ಹತ್ತು ಕಡೆಯಿಂದ ಎತ್ತಿ ಅಂಟಿಸಿದ್ದು, ಪ್ರತಿಯೊಂದರ ಸೌಂಡೂ ಬೇರೆ. ಎರಡನೆಯದು ಜಾಹೀರಾತು. ಹಾಡು 20ರಲ್ಲಿದ್ದರೆ ಅದು 80ರಲ್ಲಿ ಕಿರುಚುತ್ತದೆ. ನನ್ನ ಅತ್ತೆಗೆ ರಾತ್ರಿ ಹನ್ನೆರಡಕ್ಕೆ ಭೀಮಪಲಾಸಿ ಮಧ್ಯೆ ಅಡುಗೆ ಎಣ್ಣೆ ಮಾರಿದ್ದಾರೆ. ಮೂರನೆಯದು, ಒಂದು ಮುಗಿದ ಮೇಲೆ ತಾನೇ ಇನ್ನೊಂದು ಶುರುವಾಗುವ ಸೆಟ್ಟಿಂಗ್. ಅದನ್ನು ಮೊದಲು ಆಫ್ ಮಾಡಿ.

ಬೇಕಾದ್ದನ್ನು ಇಳಿಸಿಕೊಂಡು ಮೊಬೈಲಿನಲ್ಲೇ ಇಟ್ಟುಕೊಳ್ಳಿ, ನೆಟ್ ಆಫ್ ಮಾಡಿ ಹಾಕಿ. ಸ್ಲೀಪ್ ಟೈಮರ್ 35 ನಿಮಿಷ ಇಡಿ. ಟೀಪಾಯಿ ಗಾಜಿನದಾ? ಹಾಗಾದರೆ ಮೊಬೈಲ್ ಅಡಿಗೆ ಮಡಚಿದ ಟವೆಲ್ ಹಾಕಿ. ಗಾಜು ಝೇಂಕರಿಸುತ್ತದೆ, ಮೃದಂಗದ ಎಡ ಇನ್ನೂ ದಪ್ಪ ಕೇಳಿಸುತ್ತದೆ.

ಸಂದೇಹಿ_ಸುಬ್ಬ

ಭೀಮಪಲಾಸಿ ಮಧ್ಯಾಹ್ನದ ರಾಗ. ರಾತ್ರಿ ಹನ್ನೆರಡಕ್ಕೆ ಹಾಕಿದ್ದಕ್ಕೆ ಎಣ್ಣೆ ಬಂತು.

ಬಿಟ್‌ರೇಟ್_ಬಾಬು

ಹಾಗಾದರೆ ಮಾಲ್ಕೌಂಸ್‌ಗೆ ಏನು ಮಾರುತ್ತಾರೆ? ಹಾಸಿಗೆಯಾ?

ಧಾರವಾಡ_ಮಳೆ

ಮಾಲ್ಕೌಂಸ್, ಬಾಗೇಶ್ರೀ, ದರ್ಬಾರಿ. ಇವು ರಾತ್ರಿ ರಾಗಗಳು. ಉಸ್ತಾದ್ ಅಮೀರ್ ಖಾನ್ ದರ್ಬಾರಿ ಕೇಳಿಸಿ. ಅವರಷ್ಟು ನಿಧಾನಕ್ಕೆ ಯಾರೂ ಹಾಡಿಲ್ಲ. ಒಂದು ಆವರ್ತನ ಮುಗಿಯುವಷ್ಟರಲ್ಲಿ ಚಹಾ ಕುಡಿದು ಲೋಟ ತೊಳೆದಿಡಬಹುದು.

ತಬಲಾ_ತಮ್ಮ

ಅವರ ಜೊತೆ ತಬಲದಲ್ಲಿ ಝೂಮ್ರಾ ತಾಳದ ಠೇಕಾ ಹಿಡಿದವರ ತಾಳ್ಮೆಗೂ ಒಂದು ಪ್ರಶಸ್ತಿ ಕೊಡಬೇಕಿತ್ತು. 14 ಮಾತ್ರೆ, ಒಂದೊಂದಕ್ಕೂ ಒಂದು ಯುಗ.

ವೀಣೆ_ವಿಶಾಲಾಕ್ಷಿ

ಇಷ್ಟು ದೊಡ್ಡ ಚರ್ಚೆಯಲ್ಲಿ ವೀಣೆಯ ಮಾತೇ ಬಂದಿಲ್ಲವಲ್ಲ, ಅದೂ ಮೈಸೂರಿನವರಿಗೆ! ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರನ್ನು ಹಾಕಿ. ವೆಂಕಟಗಿರಿಯಪ್ಪನವರ ಶಿಷ್ಯರು, ಮೈಸೂರು ಬಾನಿ. ಅವರ ಮೀಟು ಗಮನಿಸಿ, ತಂತಿಗೆ ನೋವಾಗಬಾರದು ಅನ್ನೋ ಹಾಗಿದೆ. ಮೀಟಿದ ಸದ್ದಿಗಿಂತ ಆಮೇಲೆ ಉಳಿಯುವ ನಾದವೇ ಜಾಸ್ತಿ. ರಾಗ ಆಲಾಪನೆ ಮಾತ್ರ ಹಾಕಿ, ಕೃತಿ ಬರುವ ಮುಂಚೆ ನಿಲ್ಲಿಸಿ. ಸಹಾನ, ಆನಂದಭೈರವಿ, ಯದುಕುಲಕಾಂಬೋಜಿ ಯಾವುದು ಸಿಕ್ಕರೂ ಹಾಕಿ.

ಇಡೀ ಕಚೇರಿಯೇ ಬೇಕೆಂದರೆ ಕೊನೆಯ ಅರ್ಧ ಗಂಟೆ ಕೇಳಿಸಿ. ತನಿ ಮುಗಿದಿರುತ್ತದೆ. ದೇವರನಾಮ, ಜಾವಳಿ, ಮಂಗಳ.

ತಬಲಾ_ತಮ್ಮ

ತಿಲ್ಲಾನ ಮರೆತಿರಿ, ಅದು ಓಟದ ರಚನೆ. ಅದೂ ಆ ಅರ್ಧ ಗಂಟೆಯಲ್ಲೇ ಇರುತ್ತದೆ.

ವೀಣೆ_ವಿಶಾಲಾಕ್ಷಿ

ಅಯ್ಯೋ ಹೌದು. ತಿಲ್ಲಾನ ಕತ್ತರಿಸಿ.

ಕುಂದಾಪ್ರ_ಕಡಲು

ನಮ್ಮ ಕಡೆ ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಚೆಂಡೆ ಪೆಟ್ಟಿಗೇ ನಿದ್ದೆ. ಚೆಂಡೆ ನಿಂತರೆ ಎಚ್ಚರ. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ನಿದ್ದೆಗೆಟ್ಟ_ಮಗ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಒಂದೊಂದಾಗಿ ಹಾಕಿ ನೋಡಿದೆ.

ರುದ್ರವೀಣೆ: ಅಪ್ಪ ಐದು ನಿಮಿಷ ಕೇಳಿ "ಶುರು ಯಾವಾಗ ಮಾಡ್ತಾರೆ?" ಅಂದರು.

ಸಾಟಿ ಪಿಯಾನೋ: ಪರವಾಗಿಲ್ಲ, "ಯಾರೋ ಹುಡುಗ ಪ್ರಾಕ್ಟೀಸ್ ಮಾಡ್ತಿದಾನೆ, ಪಾಪ" ಅಂದರು. ಆದರೆ ನಿದ್ದೆ ಹತ್ತಿತು.

ಪಿಬಿಎಸ್: ಪೂರ್ತಿ ಫೇಲ್. ಎಲ್ಲಾ ಹಾಡಿಗೂ ಜೊತೆಗೆ ಹಾಡಿದರು. ಪಕ್ಕದ ಮನೆಯವರು ಬೆಳಿಗ್ಗೆ ಚೆನ್ನಾಗಿ ಹಾಡ್ತಾರೆ ಅಂದರು, ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ.

ದೊರೆಸ್ವಾಮಿ ಅಯ್ಯಂಗಾರ್ ವೀಣೆ ಹಾಕಿದ ರಾತ್ರಿ ಅಪ್ಪ ಎದ್ದು ಕೂತರು. ಲೈಟ್ ಹಾಕು ಅಂದರು. ವಾಣಿವಿಲಾಸ ಮೊಹಲ್ಲಾ 8ನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಕಚೇರಿ ಕೇಳುತ್ತಿದ್ದ ಕಥೆ ತೆಗೆದರು. ರಸ್ತೆ ಮೇಲೆ ಹಳೇ ಪೇಪರ್ ಹಾಸಿ ಕೂರುತ್ತಿದ್ದದ್ದು, ಮಳೆ ಹನಿ ಬಿದ್ದರೆ ಅದೇ ಪೇಪರ್ ತಲೆಗೆ. ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದು ಕೂಡ ಅಲ್ಲಿಗಂತೆ, ನನಗೆ ಗೊತ್ತೇ ಇರಲಿಲ್ಲ. ಹನ್ನೆರಡೂವರೆವರೆಗೆ ಮಾತಾಡಿದೆವು. ವೀಣೆ ಯಾವಾಗಲೋ ನಿಂತಿತ್ತು. ಮಹಾರಾಜರ ಲಂಡನ್ ಕಥೆ ಹೇಳಿದೆ. "ಅವರು ಮಾಡಿರ್ತಾರೆ ಬಿಡು" ಅಂದರು, ಏನೂ ಆಶ್ಚರ್ಯ ಇಲ್ಲದೆ.

ಬಾಬು ಅವರ ಟವೆಲ್ ಉಪಾಯ ಕೆಲಸ ಮಾಡಿತು. ಆದರೆ ಈಗ ಅಪ್ಪ ಮೊಬೈಲೇ ಬೇಡ ಅನ್ನುತ್ತಿದ್ದಾರೆ. ಮೈಸೂರು ಮನೆಯಿಂದ ಹಳೇ ಟ್ರಾನ್ಸಿಸ್ಟರ್ ತರಿಸಿಕೊಂಡಿದ್ದಾರೆ. ಅದನ್ನು ಕಿಟಕಿ ಮೇಲೆ, ಸ್ಪೀಕರ್ ಗೋಡೆ ಕಡೆಗೆ ತಿರುಗಿಸಿ ಇಡುತ್ತಾರೆ. ಹಾಗೆ ಇಟ್ಟರೆ ದನಿ ಸುತ್ತಿ ಬರುತ್ತದೆ, ಚುಚ್ಚುವುದಿಲ್ಲ ಅಂತ. ಕೂತು ಕೇಳಿ ನೋಡಿದೆ, ನಿಜ.

ಸಂದೇಹಿ_ಸುಬ್ಬ

ಎದ್ದು ಕೂತು ಕೇಳಿದರಲ್ಲ. ನಾನು ಹೇಳಿದ್ದೂ ಅದನ್ನೇ.

ಎರಡು_ಮಕ್ಕಳ_ತಾಯಿ

ಇವರೊಬ್ಬರು!

ಹಳೇ_ಕ್ಯಾಸೆಟ್

ನಮ್ಮಪ್ಪ ಬೆಂಗಳೂರಲ್ಲಿ ಎಫ್‌ಎಂ 100.1ರ ಅಮೃತವರ್ಷಿಣಿ ಹಾಕಿಕೊಂಡು ಮಲಗುತ್ತಿದ್ದರು. ಕಾಟ ಏನಿದ್ದರೂ ಒಂದೇ, ನಡುವೆ ಯಾರೋ ಬಂದು ರಾಗ, ತಾಳ, ರಚನೆ ಅಂತ ಗಂಭೀರವಾಗಿ ಹೇಳಿ ಹೋಗುತ್ತಿದ್ದರು. ಆ ದನಿಯೂ ಎಷ್ಟು ಮೆತ್ತಗಿತ್ತು ಅಂದರೆ ಅದಕ್ಕೇ ನಿದ್ದೆ ಬಂದುಬಿಡುತ್ತಿತ್ತು.

ನೈಟ್‌ಶಿಫ್ಟ್_ನಾಗಿ

ಗೋಡೆ ಕಡೆ ತಿರುಗಿಸುವುದು ಇವತ್ತು ವಾರ್ಡಿನ ಡೆಸ್ಕಿನಲ್ಲಿ ಮಾಡಿ ನೋಡುತ್ತೇನೆ, ಇಯರ್‌ಫೋನ್ ಒಂದು ಕಡೆ ಕೆಟ್ಟಿದೆ.

ಧಾರವಾಡ_ಮಳೆ

ಅದೆಲ್ಲಾ ಇರಲಿ, ಆ ಟ್ರಾನ್ಸಿಸ್ಟರ್‌ಗೆ ಸೆಲ್ ಯಾವುದು ಹಾಕುತ್ತೀರಿ? ನಮ್ಮದಕ್ಕೆ ಆ ದಪ್ಪನೆಯ ಎರಡು ಸೆಲ್ ಬೇಕು. ಇಲ್ಲಿ ಅಂಗಡಿಯಲ್ಲಿ ಕೇಳಿದರೆ ನನ್ನ ಮುಖ ನೋಡುತ್ತಾರೆ.